ಅವ್ವನ ಬೆರಳು ನೋವಿಗೆ ಎಂಆರ್‌ಐ ಮಾಡಿಸಬೇಕಾ?

ಪ್ರಶ್ನೆ: ಡಾಕ್ಟ್ರೇ, ನಾನು ಧಾರವಾಡದಲ್ಲಿ ಎಂಎ ಓದುತ್ತಿದ್ದೇನೆ. ನಮ್ಮೂರು ಬ್ಯಾಡಗಿ ಹತ್ತಿರ. ಅವ್ವನಿಗೆ 44 ವರ್ಷ. ಸೀಸನ್ನಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ನಾಲ್ಕು ತಿಂಗಳಿಂದ ಬೆಳಗ್ಗೆ ಎದ್ದ ಕೂಡಲೇ ಎರಡೂ ಕೈಯ ಬೆರಳು ಬಿಗಿ ಹಿಡಿಯುತ್ತವೆ. ಮುಷ್ಟಿ ಕಟ್ಟಲು ಆಗುವುದಿಲ್ಲ. ಸಡಿಲ ಆಗಲು ಒಂದು ತಾಸು ಬೇಕು. ರೊಟ್ಟಿ ಬಡಿಯುವುದನ್ನೇ ಬಿಟ್ಟಿದ್ದಾಳೆ. ಎಕ್ಸ್‌ರೇ ನಾರ್ಮಲ್, ಆರ್‌ಎ ಫ್ಯಾಕ್ಟರ್ ನೆಗೆಟಿವ್. ವಾತ ಅಲ್ಲ, ಕ್ಯಾಲ್ಸಿಯಂ ತಗೊಳ್ಳಿ ಅಂದರು. ಹುಬ್ಬಳ್ಳಿಯಲ್ಲಿ 3 ಟೆಸ್ಲಾ ಎಂಆರ್‌ಐ ಮಾಡಿಸಿದರೆ ಯಾವ ಸಂಧಿವಾತ ಇದ್ದರೂ ಮೊದಲೇ ಗೊತ್ತಾಗುತ್ತದೆ ಅಂತ ಸಂಬಂಧಿಕರೊಬ್ಬರು ಹೇಳಿದರು. ಅವ್ವ ಬೆಂಡೋಲೆ ಅಡ ಇಡೋಣ ಅಂತಿದ್ದಾಳೆ. ಮಾಡಿಸಬೇಕಾ? ಔಷಧ ಹಾಕಿ ಮಾಡುವ ಸ್ಕ್ಯಾನ್ ಕಿಡ್ನಿಗೆ ಪೆಟ್ಟು ಅಂತಾರೆ, ನಿಜವಾ? ಹೋದ ವರ್ಷ ಚಿಕೂನ್‌ಗುನ್ಯಾ ಬಂದಿತ್ತು, ಅದರದೇ ನೋವು ಇರಬಹುದಾ?

ಉತ್ತರ: ತಂಗಿ, ಬೆಂಡೋಲೆ ಸದ್ಯಕ್ಕೆ ಅವ್ವನ ಕಿವಿಯಲ್ಲೇ ಇರಲಿ. ಹಾಗಂತ ಕ್ಯಾಲ್ಸಿಯಂ ಗುಳಿಗೆ ನುಂಗುತ್ತ ಇನ್ನೂ ನಾಲ್ಕು ತಿಂಗಳು ಕಾಯುವುದೂ ಬೇಡ. ನಿಮ್ಮ ಪ್ರಶ್ನೆ ಓದುವಾಗ ನಾನು ನಿಂತಿದ್ದು ಒಂದೇ ಮಾತಿನ ಹತ್ತಿರ. ಸಡಿಲ ಆಗಲು ಒಂದು ತಾಸು ಬೇಕು ಅಂದಿರಲ್ಲ, ಅಲ್ಲಿ.

ದುಡಿದು ದಣಿದ ಕೈ ಸಂಜೆ ನೋಯುತ್ತದೆ, ರಾತ್ರಿ ಮಲಗಿ ಎದ್ದರೆ ಹಗುರ ಆಗುತ್ತದೆ. ವಯಸ್ಸಿಗೆ ಸವೆದ ಕೀಲು ಬೆಳಗ್ಗೆ ಹತ್ತು-ಹದಿನೈದು ನಿಮಿಷ ಬಿಗಿ ಇದ್ದು ಆಮೇಲೆ ಬಿಡುತ್ತದೆ. ಉರಿಯೂತ ಹತ್ತಿದ ಕೀಲಿನ ಲೆಕ್ಕ ಬೇರೆ. ರಾತ್ರಿಯೆಲ್ಲ ಸುಮ್ನೆ ಇದ್ದಷ್ಟೂ ಅದು ಬಿಗಿಯುತ್ತದೆ, ಕೈಯಾಡಿಸುತ್ತ ಹೋದಂತೆ ಸಡಿಲ ಆಗುತ್ತದೆ. ಎರಡೂ ಕೈ, ನಾಲ್ಕು ತಿಂಗಳು, ಒಂದು ತಾಸಿನ ಬಿಗಿತ. ಇಷ್ಟು ಕೇಳಿದ ಮೇಲೆ ಒಂದು ರಕ್ತದ ರಿಪೋರ್ಟ್ ನೆಗೆಟಿವ್ ಬಂತು ಅಂತ 'ವಾತ ಅಲ್ಲ' ಎಂದು ಹೇಳಲು ನನಗೆ ಧೈರ್ಯ ಬರುವುದಿಲ್ಲ.

ಮೊದಲು ಎಕ್ಸ್‌ರೇ ಮಾತು. ಎಕ್ಸ್‌ರೇ ತೋರಿಸುವುದು ಮೂಳೆಯ ಸುಣ್ಣವನ್ನು. ರುಮಟಾಯ್ಡ್ ಸಂಧಿವಾತ ಶುರುವಾಗುವುದು ಕೀಲಿನ ಒಳಗಿರುವ ತೆಳ್ಳನೆ ಪದರದಲ್ಲಿ. ಆ ಪದರಕ್ಕೆ ಸೈನೋವಿಯಂ ಅನ್ನುತ್ತೇವೆ. ನಮ್ಮದೇ ರೋಗನಿರೋಧಕ ಶಕ್ತಿ ದಾರಿ ತಪ್ಪಿ ಅದರ ಮೇಲೆ ಬೀಳುತ್ತದೆ. ಪದರ ದಪ್ಪ ಆಗುತ್ತದೆ, ಹೊಸ ರಕ್ತನಾಳ ಹುಟ್ಟುತ್ತವೆ, ನೀರು ಸೇರುತ್ತದೆ, ಕೊನೆಗೆ ಪಕ್ಕದ ಮೂಳೆಯ ಅಂಚನ್ನು ತಿನ್ನುತ್ತದೆ. ಆ ತಿಂದ ಗುರುತು ಎಕ್ಸ್‌ರೇಯಲ್ಲಿ ಕಾಣುವಷ್ಟು ಆಗಲು ಎಷ್ಟೋ ತಿಂಗಳು, ಕೆಲವರಿಗೆ ವರ್ಷಗಳೇ ಬೇಕು. ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿದಾಗ ಮೇಲಿನ ಬಣ್ಣ ಚೆನ್ನಾಗೇ ಇರುತ್ತದೆ ಅಲ್ವಾ, ಹಾಗೆ. ನಾಲ್ಕನೇ ತಿಂಗಳಲ್ಲಿ ಎಕ್ಸ್‌ರೇ ನಾರ್ಮಲ್ ಬಂದರೆ ಮೂಳೆ ಇನ್ನೂ ಹಾಳಾಗಿಲ್ಲ ಅಂತ ಅರ್ಥ. ಅದು ಒಳ್ಳೆಯ ಸುದ್ದಿಯೇ. ಆದರೆ ರೋಗ ಇಲ್ಲ ಅಂತ ಅರ್ಥ ಅಲ್ಲ.

ರುಮಟಾಯ್ಡ್ ಹುಡುಕಲು ಮಾಡುವ ರಕ್ತದ ಟೆಸ್ಟ್ ಆರ್‌ಎ ಫ್ಯಾಕ್ಟರ್. ಅದರ ಕಥೆಯೂ ಹೆಚ್ಚುಕಡಿಮೆ ಹೀಗೇ. ರುಮಟಾಯ್ಡ್ ಇರುವ ನೂರು ಜನರಲ್ಲಿ ಇಪ್ಪತ್ತರಿಂದ ಮೂವತ್ತು ಜನಕ್ಕೆ ಅದು ನೆಗೆಟಿವ್ ಇರುತ್ತದೆ. ಇನ್ನೊಂದು ಕಡೆ ಏನೂ ತೊಂದರೆ ಇಲ್ಲದ ವಯಸ್ಸಾದವರಲ್ಲಿ, ಟಿಬಿ ಅಥವಾ ಹೆಪಟೈಟಿಸ್ ಸಿ ಇದ್ದವರಲ್ಲಿ ಪಾಸಿಟಿವ್ ಬರುವುದುಂಟು. ಅದಕ್ಕಿಂತ ಆಂಟಿ ಸಿಸಿಪಿ ಅನ್ನುವ ಟೆಸ್ಟ್ ಮೇಲೆ ನನಗೆ ಭರವಸೆ ಜಾಸ್ತಿ. ಅದು ಪಾಸಿಟಿವ್ ಬಂದರೆ ಸುಳ್ಳಾಗುವುದು ಬಹಳ ಕಡಿಮೆ. ನೆಗೆಟಿವ್ ಬಂದರೆ ಮಾತ್ರ ಅಲ್ಲಿಗೇ ಮುಗಿಯಿತು ಅನ್ನುವ ಹಾಗಿಲ್ಲ, ಎರಡೂ ನೆಗೆಟಿವ್ ಇದ್ದು ಕೀಲು ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ.

ಈಗ ನಿಮ್ಮ ಸಂಬಂಧಿಕರ ಮಾತು. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಎಕ್ಸ್‌ರೇ ಕಾಣದ್ದನ್ನು ಎಂಆರ್‌ಐ ಕಾಣುತ್ತದೆ. ಅದರಲ್ಲಿ ವಿಕಿರಣ ಇಲ್ಲ, ಕ್ಯಾನ್ಸರ್ ಬರುತ್ತದೆ ಅನ್ನುವ ಹೆದರಿಕೆ ಬೇಡ. ದೊಡ್ಡ ಅಯಸ್ಕಾಂತ ಮತ್ತು ರೇಡಿಯೊ ಅಲೆ, ಅಷ್ಟೇ. ಅದು ಓದುವುದು ಮೈಯೊಳಗಿನ ನೀರು ಮತ್ತು ಕೊಬ್ಬನ್ನು. ಮೂಳೆಯ ಮಜ್ಜೆಯಲ್ಲಿ ಇರುವುದು ಜಾಸ್ತಿ ಕೊಬ್ಬು. ಸ್ಟಿರ್ ಅಥವಾ ಡಿಕ್ಸನ್ ಅಂತ ಕೆಲವು ವಿಧಾನ ಇವೆ, ಅವು ಕೊಬ್ಬಿನ ಬೆಳಕನ್ನು ಆರಿಸಿ ನೀರನ್ನು ಮಾತ್ರ ಬೆಳಗಿಸುತ್ತವೆ. ಆಗ ಒಳ್ಳೆಯ ಮೂಳೆ ಕಪ್ಪಗೆ ಕಾಣುತ್ತದೆ. ಉರಿಯೂತ ಒಳಗೆ ಹೊಕ್ಕ ಮೂಳೆಯಲ್ಲಿ ಮೋಡ ಕವಿದ ಹಾಗೆ ಬೆಳ್ಳಗೆ ಕಾಣುತ್ತದೆ. ಇದಕ್ಕೆ ಬೋನ್ ಮ್ಯಾರೋ ಎಡಿಮಾ ಅಂತ ಹೆಸರು. ಎಕ್ಸ್‌ರೇಯಲ್ಲಿ ಇದರ ಸುಳಿವೇ ಸಿಗುವುದಿಲ್ಲ, ಅಲ್ಟ್ರಾಸೌಂಡಿನಲ್ಲೂ ಇಲ್ಲ. ರುಮಟಾಯ್ಡ್ ಇದೆ ಅಂತ ಖಚಿತ ಆದವರಲ್ಲಿ ಈ ಬಿಳಿ ಕಂಡ ಜಾಗದಲ್ಲೇ ಮುಂದೆ ಮೂಳೆ ತೂತು ಬೀಳುವ ಸಂಭವ ಜಾಸ್ತಿ, ಅದಕ್ಕೇ ನಾವು ಅದನ್ನು ಅಷ್ಟು ಗಂಭೀರವಾಗಿ ನೋಡುತ್ತೇವೆ.

ಬೆರಳಿನಂಥ ಸಣ್ಣ ಜಾಗದಲ್ಲಿ, ಅದೂ ಮಶೀನಿನ ನಡುವೆ ಇಲ್ಲದೆ ಪಕ್ಕಕ್ಕೆ ಸರಿದ ಕೈಯಲ್ಲಿ, ಕೊಬ್ಬಿನ ಬೆಳಕನ್ನು ಆರಿಸುವ ಹಳೆಯ ವಿಧಾನ ಕೆಲವೊಮ್ಮೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಅಂಚಿನಲ್ಲಿ ಸುಳ್ಳು ಬಿಳುಪು ಉಳಿಯುತ್ತದೆ, ಅದನ್ನು ಓದಿದವರು ಉರಿಯೂತ ಅಂತ ಬರೆದರೆ ಮುಂದಿನ ದಾರಿಯೇ ತಪ್ಪುತ್ತದೆ. ಡಿಕ್ಸನ್ ವಿಧಾನ ಇಲ್ಲಿ ವಾಸಿ. ಅದಕ್ಕೇ ಹೇಳುತ್ತೇನೆ, 3 ಟೆಸ್ಲಾ ಅನ್ನುವುದು ಅಯಸ್ಕಾಂತದ ಬಲದ ಅಳತೆ, ಆ ಅಂಕಿಯೊಂದೇ ಮುಖ್ಯ ಅಲ್ಲ. 1.5 ಟೆಸ್ಲಾ ಮಶೀನಿನಲ್ಲೇ ಕೈಗೆ ಅಂತ ಇರುವ, ರೇಡಿಯೊ ಅಲೆ ಹಿಡಿಯುವ ಸಣ್ಣ ಕಾಯಿಲ್ ಹಾಕಿ, ಸರಿಯಾದ ವಿಧಾನದಲ್ಲಿ ತೆಗೆದು, ಕೀಲಿನ ಚಿತ್ರ ಓದಿ ಅಭ್ಯಾಸ ಇರುವ ರೇಡಿಯಾಲಜಿಸ್ಟ್ ಓದಿದರೆ ಸಾಕಾಗುತ್ತದೆ.

ಔಷಧ ಹಾಕಿ ಮಾಡುವುದು ಅಂದಿರಲ್ಲ, ಅದು ಗ್ಯಾಡೋಲಿನಿಯಂ. ಕೈಯ ರಕ್ತನಾಳಕ್ಕೆ ಸೂಜಿ ಹಾಕಿ ಕೊಡುತ್ತಾರೆ. ಉರಿಯೂತ ಇರುವ ಪದರಕ್ಕೆ ರಕ್ತ ಜಾಸ್ತಿ ಹರಿಯುತ್ತದೆ, ಹಾಗಾಗಿ ಅದು ಈ ಔಷಧವನ್ನು ಬೇಗ ಹೀರಿ ಹೊಳೆಯುತ್ತದೆ. ದಪ್ಪ ಆದ ಪದರ ಯಾವುದು, ಬರೀ ನೀರು ಯಾವುದು ಅಂತ ಬೇರೆ ಮಾಡಲು ಇದು ಬೇಕು. ಆದರೆ ಸಮಯ ನೋಡಬೇಕು. ಹತ್ತು ನಿಮಿಷ ದಾಟಿದರೆ ಔಷಧ ಪದರದಿಂದ ನೀರಿಗೂ ಇಳಿಯತೊಡಗಿ ಎರಡೂ ಒಂದೇ ಥರ ಕಾಣುತ್ತವೆ. ಒಂದರ ಹಿಂದೊಂದು ಚಿತ್ರ ತೆಗೆದು ಔಷಧ ಎಷ್ಟು ಬೇಗ ತುಂಬಿತು ಅಂತ ಅಳೆಯುವ ಡೈನಮಿಕ್ ವಿಧಾನವೂ ಇದೆ. ಇಡೀ ಮೈಯ ಎಂಆರ್‌ಐ ಕೂಡ ಇದೆ. ಸಂಧಿವಾತದ ಮಟ್ಟಿಗೆ ಅವೆರಡೂ ಸದ್ಯಕ್ಕೆ ಸಂಶೋಧನೆಯಲ್ಲೇ ಜಾಸ್ತಿ. ಇಡೀ ಮೈಯ ಸ್ಕ್ಯಾನಿನಲ್ಲಿ ಬೆರಳಿನ ಕೀಲು ಸ್ಪಷ್ಟ ಕಾಣುವುದಿಲ್ಲ, ಅದಕ್ಕೆ ನೀವು ದುಡ್ಡು ಹಾಕಬೇಡಿ.

ಇನ್ನು ಆ ಮಾತಿನ ಉಳಿದ ಅರ್ಧ. 'ಯಾವ ಸಂಧಿವಾತ ಇದ್ದರೂ ಗೊತ್ತಾಗುತ್ತದೆ' ಅನ್ನುವುದು ತಪ್ಪು. ಎಂಆರ್‌ಐ ಕಾಣುವುದು ಕಡಿಮೆ ಅಂತಲ್ಲ, ಅದು ಕಾಣುವುದೇ ಜಾಸ್ತಿ. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಕೀಲು ನೋವೇ ಇಲ್ಲದ ಆರೋಗ್ಯವಂತರ ಕೈಕಾಲಿನ ಎಂಆರ್‌ಐ ಮಾಡಿ ನೋಡಿದರು. ಬಹಳಷ್ಟು ಜನರಲ್ಲಿ ಒಂದಾದರೂ ಸಣ್ಣ ಉರಿಯೂತದ ಗುರುತು ಸಿಕ್ಕಿತು, ವಯಸ್ಸು ಏರಿದಂತೆ ಅದೂ ಏರಿತು. ನಿಮ್ಮ ಅವ್ವನಿಗೆ 44. ದಿನಕ್ಕೆ ಎಷ್ಟೋ ತಾಸು ಹೆಬ್ಬೆರಳು, ತೋರುಬೆರಳು ಸೇರಿಸಿ ತೊಟ್ಟು ಮುರಿಯುವ ಕೈ ಅದು. ಹೆಬ್ಬೆರಳಿನ ಬುಡದಲ್ಲಿ ಸ್ವಲ್ಪ ಸವಕಳಿ, ಸ್ನಾಯುವಿನ ದಾರದ ಸುತ್ತ ಸ್ವಲ್ಪ ನೀರು, ಮಣಿಕಟ್ಟಿನ ಮೂಳೆಯಲ್ಲಿ ಒಂದೆರಡು ಸಣ್ಣ ಗುಳ್ಳೆ, ಇವೆಲ್ಲ ಇದ್ದೇ ಇರಬಹುದು. ಕೈ ಮುಟ್ಟದೆ, ಅವ್ವನ ಮಾತು ಕೇಳದೆ ಆ ಚಿತ್ರ ಓದಿದವರು 'ಅರ್ಲಿ ಇನ್‌ಫ್ಲಮೇಟರಿ ಆರ್ಥ್ರೈಟಿಸ್ ಇರಬಹುದು', ಅಂದರೆ ಉರಿಯೂತದ ಸಂಧಿವಾತ ಶುರುವಾಗಿರಬಹುದು ಅಂತ ಬರೆದು ಕೊಟ್ಟರೆ ಮನೆಮಂದಿಯೆಲ್ಲ ಗಾಬರಿ. ಆ ಒಂದು ಸಾಲನ್ನು ನಂಬಿ ವರ್ಷಗಟ್ಟಲೆ ಔಷಧ ತಗೊಂಡವರು ನನ್ನ ಹತ್ತಿರ ಬಂದಿದ್ದಾರೆ. ಅವರ ಕೀಲು ಒತ್ತಿ ನೋಡಿದರೆ ಒಂದರಲ್ಲೂ ಬಾವು ಇರಲಿಲ್ಲ.

ಚಿಕೂನ್‌ಗುನ್ಯಾ ನೆನಪು ಮಾಡಿದ್ದು ಒಳ್ಳೆಯದಾಯಿತು. ಜ್ವರ ಹೋದರೂ ಕೀಲು ನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷ ದಾಟಿಯೂ ಉಳಿಯುತ್ತದೆ. 2006ರಲ್ಲಿ ನಮ್ಮ ಕಡೆ ಊರೂರೇ ಮಲಗಿದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ಅದರ ನೋವೂ ಬೆಳಗ್ಗೆ ಬಿಗಿತ, ಎರಡೂ ಕೈ, ಮಣಿಕಟ್ಟು ಅಂತಲೇ ಬರುತ್ತದೆ. ಎಂಆರ್‌ಐನಲ್ಲೂ ಅದೇ ದಪ್ಪ ಪದರ, ಅದೇ ನೀರು. ಚಿತ್ರ ನೋಡಿ ಇದು ರುಮಟಾಯ್ಡ್, ಇದು ಚಿಕೂನ್‌ಗುನ್ಯಾ ಅಂತ ಬೇರೆ ಮಾಡಲು ಆಗುವುದಿಲ್ಲ. ಬೇರೆ ಮಾಡುವುದು ದಿನಗಳ ಲೆಕ್ಕ. ಜ್ವರ ಯಾವ ತಿಂಗಳು ಬಂತು, ಆಗ ಹಿಡಿದ ನೋವು ಬಿಡದೆ ಇಲ್ಲಿಯವರೆಗೆ ಬಂದಿದೆಯಾ, ಅಥವಾ ನಡುವೆ ಪೂರ್ತಿ ಆರಾಮಾಗಿ ನಾಲ್ಕು ತಿಂಗಳ ಹಿಂದೆ ಹೊಸದಾಗಿ ಶುರುವಾಯಿತಾ? ಇದನ್ನು ಅವ್ವನ ಹತ್ತಿರ ಕೂತು ಕೇಳಿ ಬರೆದಿಡಿ. ಈ ಒಂದು ಉತ್ತರ ನನಗೆ ಸ್ಕ್ಯಾನಿಗಿಂತ ಜಾಸ್ತಿ ಹೇಳುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಕೈ ಮುಟ್ಟಿ ನೋಡುವ ಡಾಕ್ಟರ್ ಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ರುಮಟಾಲಜಿಸ್ಟ್ ಇದ್ದಾರೆ, ಸಿಗದಿದ್ದರೆ ಒಳ್ಳೆಯ ಫಿಜಿಶಿಯನ್ ಆದರೂ ಸರಿ. ನಾನಾದರೆ ಹೀಗೆ ನೋಡುತ್ತೇನೆ. ಮುಷ್ಟಿ ಕಟ್ಟಿ ಅನ್ನುತ್ತೇನೆ, ಗೆಣ್ಣುಗಳ ನಡುವೆ ಇರಬೇಕಾದ ತಗ್ಗು ತುಂಬಿಕೊಂಡಿದೆಯಾ ಅಂತ ನೋಡುತ್ತೇನೆ. ಆಮೇಲೆ ಷೇಕ್‌ಹ್ಯಾಂಡ್ ಕೊಟ್ಟ ಹಾಗೆ ಕೈ ಹಿಡಿದು ನಾಲ್ಕು ಗೆಣ್ಣುಗಳನ್ನು ಅಡ್ಡಕ್ಕೆ ಮೆಲ್ಲಗೆ ಹಿಂಡುತ್ತೇನೆ. ಉರಿಯೂತ ಇದ್ದರೆ ಮುಖದಲ್ಲೇ ಗೊತ್ತಾಗುತ್ತದೆ. ಪಾದದ ಬೆರಳ ಬುಡವನ್ನೂ ಹಾಗೇ ಹಿಂಡಿ ನೋಡುತ್ತೇನೆ, ಅದನ್ನು ನೋಡುವವರು ಕಡಿಮೆ. ಆಮೇಲೆ ಬಳೆಯ ಮಾತು ಕೇಳುತ್ತೇನೆ. ಹೋದ ಹಬ್ಬಕ್ಕೆ ಸಲೀಸಾಗಿ ಏರಿದ ಬಳೆ ಈ ಹಬ್ಬಕ್ಕೆ ಗೆಣ್ಣಿನ ಹತ್ತಿರ ಸಿಕ್ಕಿಹಾಕಿಕೊಂಡಿತಾ, ಬಳೆಗಾರ ಒಂದು ಅಳತೆ ದೊಡ್ಡದು ಕೊಟ್ಟನಾ? ಹೌದು ಅಂದರೆ ಅದು ಬಾವು.

ಜೊತೆಗೆ ರಕ್ತದ ಟೆಸ್ಟ್: ಉರಿಯೂತ ಎಷ್ಟಿದೆ ಅಂತ ಹೇಳುವ ಇಎಸ್‌ಆರ್, ಸಿಆರ್‌ಪಿ, ಮತ್ತೆ ಆಂಟಿ ಸಿಸಿಪಿ. ಥೈರಾಯ್ಡ್ ಮತ್ತು ಶುಗರ್ ಕೂಡ, ಯಾಕೆಂದರೆ ಅವೆರಡೂ ಬೆರಳು ಬಿಗಿ ಮಾಡುತ್ತವೆ. ಕೈಯಲ್ಲಿ ಬಾವು ಸ್ಪಷ್ಟ ಸಿಕ್ಕು, ರಕ್ತವೂ ಅದನ್ನೇ ಹೇಳಿದರೆ ಎಂಆರ್‌ಐ ಬೇಕೇ ಇಲ್ಲ. ಔಷಧ ಶುರು ಮಾಡಬಹುದು. 2010ರಲ್ಲಿ ಅಮೆರಿಕ ಮತ್ತು ಯುರೋಪಿನ ರುಮಟಾಲಜಿ ಸಂಘಗಳು ಸೇರಿ ಒಂದು ಅಂಕಪಟ್ಟಿ ಮಾಡಿವೆ. ಹತ್ತಕ್ಕೆ ಆರು ಅಂಕ ಬಂದರೆ ರುಮಟಾಯ್ಡ್ ಅಂತ ಲೆಕ್ಕ. ಆ ಪಟ್ಟಿಗೆ ಹೋಗುವ ಮೊದಲು ಒಂದು ಕೀಲಿನಲ್ಲಾದರೂ ಬಾವನ್ನು ಡಾಕ್ಟರ್ ಕೈಯಾರೆ ನೋಡಿರಬೇಕು. ರಕ್ತ ನೆಗೆಟಿವ್ ಇದ್ದವರಿಗೆ ಆರು ಮುಟ್ಟಲು ಹತ್ತಕ್ಕಿಂತ ಜಾಸ್ತಿ ಕೀಲು ಲೆಕ್ಕಕ್ಕೆ ಸಿಗಬೇಕು. ಕೈಗೆ ಸಿಗದ ಕೀಲುಗಳನ್ನು ಎಣಿಸಲು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಸಹಾಯ ಆಗುವುದು ಅಲ್ಲಿ. ನಿಮ್ಮ ಅವ್ವ ಆ ಗುಂಪಿನವರು ಆಗಬಹುದು.

ಅಲ್ಲೂ ನಾನು ಮೊದಲು ಕಳಿಸುವುದು ಅಲ್ಟ್ರಾಸೌಂಡಿಗೆ, ಪವರ್ ಡಾಪ್ಲರ್ ಇರುವುದಕ್ಕೆ. ಖರ್ಚು ಕಡಿಮೆ, ಸೂಜಿ ಇಲ್ಲ, ಎರಡೂ ಕೈ ಒಂದೇ ಸಲಕ್ಕೆ ನೋಡಬಹುದು, ಪದರದಲ್ಲಿ ರಕ್ತ ಹರಿಯುವುದು ಕೆಂಪಗೆ ಎದುರಿಗೇ ಕಾಣುತ್ತದೆ. ಮಾಡುವವರ ಕೈಗುಣ ಮುಖ್ಯ, ಕೀಲಿನ ಅಲ್ಟ್ರಾಸೌಂಡ್ ಮಾಡಿ ಗೊತ್ತಿದ್ದವರೇ ಬೇಕು. ಅದರಲ್ಲೂ ತಿಳಿಯಲಿಲ್ಲ, ನೋವಿನ ಕಥೆ ಮಾತ್ರ ಉರಿಯೂತದ ಹಾಗೇ ಇದೆ ಅಂದರೆ ಆಗ ಎಂಆರ್‌ಐ. ಎರಡು ಕೈಯಲ್ಲಿ ಜಾಸ್ತಿ ನೋಯುವ ಒಂದು ಕೈ, ಮಣಿಕಟ್ಟು ಮತ್ತು ಗೆಣ್ಣು ಸೇರಿಸಿ, ಸಾಕು.

ಅದರ ಅಪಾಯ ಎಷ್ಟು? ಕಿಡ್ನಿ ಸರಿ ಇದ್ದವರಿಗೆ ಗ್ಯಾಡೋಲಿನಿಯಂ ಬಹುತೇಕ ಸುರಕ್ಷಿತ. ಕಿಡ್ನಿ ತೀರಾ ಸೋತವರಲ್ಲಿ, ಅಂದರೆ ಅದರ ಕೆಲಸದ ಲೆಕ್ಕ (ಇಜಿಎಫ್‌ಆರ್) 30ಕ್ಕಿಂತ ಕೆಳಗಿದ್ದವರಲ್ಲಿ, ಹಳೆಯ ಬಗೆಯ ಔಷಧದಿಂದ ಚರ್ಮ ಗಟ್ಟಿಯಾಗುವ ಕೆಟ್ಟ ಕಾಯಿಲೆ ಬಂದದ್ದಿದೆ. ನಿಮಗೆ ಯಾರೋ ಹೇಳಿದ ಕಿಡ್ನಿ ಮಾತಿನ ಮೂಲ ಇದೇ ಇರಬೇಕು. ಅದಕ್ಕೇ ಮುಂಚೆ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಬೇಕು. ಅಲರ್ಜಿ ಅಪರೂಪ. ಔಷಧದ ಅತಿ ಸಣ್ಣ ಅಂಶ ಮೈಯಲ್ಲಿ ಉಳಿಯುತ್ತದೆ, ಅದರಿಂದ ತೊಂದರೆ ಆದದ್ದು ಸಾಬೀತಾಗಿಲ್ಲ, ಆದರೂ ಬೇಕಿಲ್ಲದೆ ಪದೇ ಪದೇ ಹಾಕಿಸಬಾರದು. ಬಸುರಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಎದೆಯಲ್ಲಿ ಪೇಸ್‌ಮೇಕರ್, ಮಿದುಳಲ್ಲಿ ಹಳೆಯ ಕ್ಲಿಪ್ ಇದ್ದರೆ ಮೊದಲೇ ಹೇಳಬೇಕು.

ಇನ್ನೊಂದು ಮಾತು. ಮೈಮೇಲಿನ ಲೋಹ ಎಲ್ಲ ತೆಗೆಯಬೇಕು, ಕಾಲುಂಗುರ, ತಾಳಿ ಕೂಡ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ತಾಳಿ ತೆಗೆಯಲು ಮನಸ್ಸು ಬರುವುದಿಲ್ಲ, ಮಶೀನಿನ ಬಾಗಿಲಲ್ಲಿ ನಿಂತು ಅತ್ತವರಿದ್ದಾರೆ. ಮನೆಯಿಂದಲೇ ಒಂದು ಅರಿಷಿಣ ಕೊಂಬು ಕಟ್ಟಿದ ದಾರ ತಗೊಂಡು ಹೋಗಿ, ಅಷ್ಟು ಹೊತ್ತು ಅದು ಕೊರಳಲ್ಲಿ ಇರಲಿ. ಕೆಲವು ಕಡೆ ಬೋರಲು ಮಲಗಿಸಿ ಕೈಯನ್ನು ತಲೆಯ ಮುಂದೆ ಚಾಚಿಸುತ್ತಾರೆ. ಅರ್ಧ ತಾಸು ಅಲುಗಾಡಬಾರದು. ಭುಜ ನೋವಿದ್ದರೆ ಮೊದಲೇ ಹೇಳಿ, ದಿಂಬು ಕೊಡುತ್ತಾರೆ. ಬೆರಳು ಒಂಚೂರು ಅಲುಗಿದರೂ ಚಿತ್ರ ಕದಡಿ ಹೋಗುತ್ತದೆ. ಮತ್ತೆ, ಸ್ಕ್ಯಾನಿಗೆ ಮುಂಚೆ ಊರಲ್ಲಿ ಯಾರಾದರೂ ಕೊಟ್ಟ ಸಣ್ಣ ಬಿಳಿ ಗುಳಿಗೆ, ಪುಡಿ, 'ಒಂದೇ ದಿನಕ್ಕೆ ಆರಾಮ' ಆಗುವ ಸೂಜಿ ತಗೊಂಡಿದ್ದರೆ ಮುಚ್ಚಿಡಬೇಡಿ. ಎಷ್ಟೋ ಸಲ ಅದರಲ್ಲಿ ಇರುವುದು ಸ್ಟೀರಾಯ್ಡ್. ಅದು ಉರಿಯೂತವನ್ನು ಅಡಗಿಸುತ್ತದೆ, ಎಂಆರ್‌ಐ ಸ್ವಚ್ಛ ಕಾಣುತ್ತದೆ, ರೋಗ ಇಲ್ಲ ಅಂತ ಎಲ್ಲರೂ ಮನೆಗೆ ಹೋಗುತ್ತಾರೆ.

ಎಂಆರ್‌ಐ ತಡ ಮಾಡದೆ ಮಾಡಿಸಲೇಬೇಕಾದ ಜಾಗವೂ ಇದೆ. ಅದು ಚಿಕ್ಕ ವಯಸ್ಸಿನವರ ಸೊಂಟ ನೋವು. ಗದಗ ಕಡೆಯ ಬಸ್ ಡ್ರೈವರ್ ಒಬ್ಬರು, 27ರ ವಯಸ್ಸು, ರಾತ್ರಿ ಮೂರಕ್ಕೆ ನೋವಿಗೆ ಎಚ್ಚರ ಆಗಿ ಅಂಗಳದಲ್ಲಿ ಅಡ್ಡಾಡಿದರೆ ಕಡಿಮೆ ಆಗುತ್ತಿತ್ತು. ಡ್ರೈವಿಂಗಿನಿಂದ ಡಿಸ್ಕ್ ಸರಿದಿದೆ ಅಂತ ಸೊಂಟದ ಎಂಆರ್‌ಐ ಮಾಡಿಸಿದ್ದರು, ನಾರ್ಮಲ್ ಬಂದಿತ್ತು. ಆ ಸ್ಕ್ಯಾನ್ ನೋಡಿದ್ದು ಬೆನ್ನುಮೂಳೆಯ ಮಣಿಗಳನ್ನು. ಉರಿಯೂತ ಇದ್ದದ್ದು ಅದರ ಕೆಳಗೆ, ಸ್ಯಾಕ್ರೊಇಲಿಯಾಕ್ ಅನ್ನುವ ಕೀಲಿನಲ್ಲಿ. ಆ ಕೀಲಿಗೆ ಅಂತ ಬರೆದು ಸ್ಟಿರ್ ವಿಧಾನದಲ್ಲಿ ತೆಗೆಸಿದಾಗ ಎರಡೂ ಕಡೆ ಮೂಳೆ ಬೆಳ್ಳಗೆ ಹೊಳೆಯುತ್ತಿತ್ತು. ಇದಕ್ಕೆ ಗ್ಯಾಡೋಲಿನಿಯಂ ಕೂಡ ಬೇಕಾಗುವುದಿಲ್ಲ. 45 ತುಂಬುವ ಮೊದಲು ಶುರುವಾಗಿ ಮೂರು ತಿಂಗಳು ದಾಟಿದ ಬೆನ್ನುನೋವು ವಿಶ್ರಾಂತಿಗೆ ಹೆಚ್ಚಿ ಓಡಾಟಕ್ಕೆ ತಗ್ಗುತ್ತಿದ್ದರೆ ಈ ಕೀಲನ್ನು ಹೆಸರು ಹಿಡಿದು ಕೇಳಿ. ಹೊಸ ಬಾಣಂತಿಯರಲ್ಲಿ, ಭಾರ ಹೊರುವವರಲ್ಲಿ ಅಲ್ಲಿ ಸ್ವಲ್ಪ ಬಿಳುಪು ರೋಗ ಇಲ್ಲದೆಯೂ ಕಾಣುತ್ತದೆ, ಅದೂ ನೆನಪಿರಲಿ.

ಎಂಆರ್‌ಐನಲ್ಲಿ ಉರಿಯೂತ ಕಂಡು, ಕೈಯಲ್ಲಿ ಬಾವು ಇಲ್ಲದಿದ್ದರೆ? ಇದು ನಮಗೂ ಕಷ್ಟದ ಪ್ರಶ್ನೆ. ಅಂಥವರಿಗೇ ರುಮಟಾಯ್ಡ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ಅನ್ನುವ ಔಷಧವನ್ನು ಒಂದು ವರ್ಷ ಕೊಟ್ಟು ನೋಡಿದ ಡಚ್ ಅಧ್ಯಯನ 2022ರಲ್ಲಿ ಪ್ರಕಟ ಆಯಿತು, ಅದರಲ್ಲಿ 236 ಜನ ಇದ್ದರು. ನೋವು, ಬಿಗಿತ, ಸ್ಕ್ಯಾನಿನ ಉರಿಯೂತ ಕಡಿಮೆ ಆದವು. ಆದರೆ ಎರಡು ವರ್ಷದೊಳಗೆ ಸಂಧಿವಾತ ಬಂದವರ ಸಂಖ್ಯೆ ಔಷಧ ತಗೊಂಡವರಲ್ಲೂ ತಗೊಳ್ಳದವರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ಹಾಗಾಗಿ ಬರೀ ಸ್ಕ್ಯಾನ್ ನೋಡಿ ನಾನು ಔಷಧ ಬರೆಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಕರೆಸಿ ಕೈ ಒತ್ತಿ ನೋಡುತ್ತೇನೆ, ನೋವಿಗೆ ಬೇಕಾದ್ದು ಕೊಡುತ್ತೇನೆ, ಬಾವು ಕಂಡ ದಿನ ಶುರು ಮಾಡುತ್ತೇನೆ. ನೋವು ಕೆಲಸವನ್ನೇ ನಿಲ್ಲಿಸಿದ್ದರೆ ಲಾಭ-ನಷ್ಟ ಎದುರಿಗೆ ಇಟ್ಟು ಅವರೇ ಆರಿಸಲಿ ಅನ್ನುತ್ತೇನೆ.

ಬಾವು ಖಚಿತ ಆದರೆ ಮಾತ್ರ ತಡ ಮಾಡಬಾರದು. ಮೊದಲ ಮೂರರಿಂದ ಆರು ತಿಂಗಳಲ್ಲಿ ಹಿಡಿದರೆ ಕೀಲು ಉಳಿಯುವ ಅವಕಾಶ ಜಾಸ್ತಿ, ನೀವು ಈಗ ಆ ನಡುವೆಯೇ ಇದ್ದೀರಿ. ಮೆಥೊಟ್ರೆಕ್ಸೇಟ್ ಕೊಟ್ಟರೆ ಅದು ವಾರಕ್ಕೆ ಒಂದೇ ದಿನ ನುಂಗುವ ಗುಳಿಗೆ. ದಿನಾ ನುಂಗಿ ಜೀವಕ್ಕೆ ಕುತ್ತು ತಂದುಕೊಂಡವರಿದ್ದಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ಒಂದು ದಿನಕ್ಕೆ ಸುತ್ತು ಹಾಕಿಡಿ.

ಕಾಗದಪತ್ರದ ಜೊತೆ ಇನ್ನೊಂದನ್ನು ತನ್ನಿ. ಬ್ಯಾಡಗಿಯಿಂದ ಬಸ್ ಹತ್ತಿ ಹುಬ್ಬಳ್ಳಿಗೆ ಬಂದು ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ಆಗಿರುತ್ತದೆ, ಬೆಳಗಿನ ಬಾವು ಇಳಿದಿರುತ್ತದೆ, 'ಈಗ ಏನೂ ಕಾಣ್ತಿಲ್ಲವಲ್ಲ' ಅನ್ನಿಸಿಕೊಂಡು ವಾಪಸ್ ಹೋದವರು ಬಹಳ. ಬರುವ ರಜೆಗೆ ಊರಿಗೆ ಹೋದಾಗ ಅವ್ವ ಎದ್ದ ಕೂಡಲೇ, ಮುಖ ತೊಳೆಯುವ ಮೊದಲು, ಎರಡೂ ಕೈಯನ್ನು ಬಾಗಿಲ ಬೆಳಕಿಗೆ ಹಿಡಿಸಿ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಒಂದು ಬೆರಳು ಚಾಚಿದ್ದು, ಒಂದು ಮುಷ್ಟಿ ಕಟ್ಟಲು ನೋಡುತ್ತಿರುವುದು. ಮೂರು ದಿನ, ಅದೇ ಹೊತ್ತಿಗೆ.